ಒಂಟಿ ಸೀನು

ಮೈಯೊಳಗಿನ ಕಾವಲು ಚುರುಕಾಗಿರಬೇಕು, ಒಪ್ಪುತ್ತೇನೆ. ಆದರೆ ನನ್ನದರಷ್ಟು ಚುರುಕಾದರೆ ಸಂಸಾರ ನಡೆಸುವುದು ಕಷ್ಟ. ಬಸವೇಶ್ವರನಗರದ ನಮ್ಮ ಡಾಕ್ಟರು ನನಗೆ ತಿಳಿಯುವಂತೆ ಹೇಳಿದರು: "ನಿಮ್ ಇಮ್ಯೂನಿಟಿ ಏನೂ ಮಾಡದೇ ಇರೋ ಕಣಾನೂ ವಿಷ ಅನ್ಕೊಳ್ಳುತ್ತೆ ಸಾರ್. ಹಿಸ್ಟಮಿನ್ ಅಂತ ಒಂದನ್ನ ಬಿಡುತ್ತೆ. ಮೂಗು ಸೋರುತ್ತೆ, ಸೀನು ಬರುತ್ತೆ. ಅಲರ್ಜಿ ಅಂದ್ರೆ ಇಷ್ಟೇ." ನನಗೆ ನಮ್ಮ ಬೀದಿಯ ಹೊಸ ವಾಚ್‌ಮನ್ ನೆನಪಾದ. ಅವನು ಮನೆ ಮಾಲೀಕರನ್ನೇ ಗೇಟಿನಲ್ಲಿ ತಡೆದು "ಯಾರು ಬೇಕಿತ್ತು ಸಾರ್?" ಎನ್ನುತ್ತಾನೆ.

ಇದು ನನ್ನೊಬ್ಬನ ಪಾಡಾಗಿದ್ದರೆ ಸುಮ್ಮನಿರುತ್ತಿದ್ದೆ. ತೊಂದರೆಯೆಂದರೆ, ನನಗೆ ಬರುವುದು ಒಂದೇ ಸೀನು. ಎರಡಾದರೆ ಶುಭ, ಒಂಟಿಯಾದರೆ ಹೊರಟವರು ಹೊರಡಬಾರದು ಎಂದು ನಂಬಿದ ನಮ್ಮತ್ತೆ ವಿಜಯನಗರದ ನಮ್ಮ ಮನೆಯಲ್ಲೇ ಇದ್ದಾರೆ. ಅವರ ಕಣ್ಣಿನ ಪೊರೆ ತೆಗೆಸಬೇಕಿತ್ತು. ಮೂರು ಸಲ ಹೊರಟರು. ಮೂರು ಸಲವೂ ನಾನು ಆಸ್ಪತ್ರೆಯ ಫೈಲು ಹಿಡಿದು ಬಾಗಿಲಿಗೆ ಬಂದವನೇ ಸೀನಿದೆ. "ಇನ್ನೊಂದು ಸೀನ್ಬಿಡಿ ಅಳಿಯಂದ್ರೇ" ಎಂದು ಅತ್ತೆ ಆಸೆಯಿಂದ ಕಾದರು. ಸೂರ್ಯನನ್ನು ನೋಡಿದೆ, ಕರವಸ್ತ್ರದ ತುದಿ ಮೂಗಿಗೆ ತುರುಕಿದೆ, ಬರಲಿಲ್ಲ. ಸುಳ್ಳೇ ಸೀನಿದರೆ "ಇದು ನಾಟಕದ್ದು" ಎಂದು ಒಳಗೆ ಹೋಗಿ ಸೀರೆ ಬದಲಾಯಿಸಿದರು. ಒಮ್ಮೆಯೂ ಸಿಟ್ಟಾಗಲಿಲ್ಲ. ನನ್ನ ಮೂಗಿಗೆಂದು ಕಷಾಯ ಮಾಡಿಕೊಟ್ಟರು. ಕಣ್ಣು ಮಂಜಾಗಿ ಜೀರಿಗೆಯೆಂದು ಸೋಂಪು ಹಾಕಿದ್ದರು. ಕುಡಿಯುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ತಪ್ಪೆಲ್ಲ ಅತ್ತೆಯ ರೇಷ್ಮೆ ಸೀರೆಯದು, ಅದರ ನುಸಿಗುಳಿಗೆಯ ವಾಸನೆಯದು ಎಂದು ತೀರ್ಮಾನಿಸಿದೆ. ನಾಲ್ಕನೆಯ ಸಲ ನನ್ನ ಹೆಂಡತಿ ಶೈಲಜಾ, "ರೀ, ನೀವು ಮೊದ್ಲೇ ಹೋಗಿ ಆಟೋದಲ್ಲಿ ಕೂತ್ಕೊಳ್ಳಿ. ಫೈಲ್ ನಾನು ತರ್ತೀನಿ" ಎಂದಳು. ಹಾಗೇ ಮಾಡಿದೆ. ಅದೇ ಸೀರೆಯ ಪಕ್ಕದಲ್ಲಿ ರಾಜಾಜಿನಗರದ ಆಸ್ಪತ್ರೆಯವರೆಗೂ ಕೂತೆ, ಒಂದು ಸೀನೂ ಇಲ್ಲ. ನನಗೆ ಆಗಲೇ ಹೊಳೆಯಬೇಕಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಕೆಲವು ದಿನ ಕಳೆದು, ಕಪ್ಪು ಕನ್ನಡಕ ತೆಗೆದ ಅತ್ತೆ ಮೊದಲು ನನ್ನನ್ನು ನೋಡಿ, "ತಲೆ ಇಷ್ಟು ಬೆಳ್ಳಗಾಗಿದೆಯಾ!" ಎಂದು ಮರುಗಿದರು. ಆಮೇಲೆ ಅವರ ಕಣ್ಣು ಬಾಗಿಲ ಪಕ್ಕದ ನನ್ನ ಪುಸ್ತಕದ ಕಪಾಟಿನ ಮೇಲೆ ಬಿತ್ತು. ವರ್ಷಗಳಿಂದ ನಾನು ಯಾರಿಗೂ ಮುಟ್ಟಲು ಬಿಡದ ಕಪಾಟು ಅದು.

"ಅಯ್ಯೋ ಶಿವನೇ, ಎಷ್ಟು ಧೂಳು! ನನ್ ಫೈಲ್ ಇಲ್ಲಿಂದ್ಲೇ ತೆಗೀತಿದ್ರಾ?"

ಉತ್ತರ ಹೇಳುವ ಮೊದಲೇ ಕೈಗೆ ಬಟ್ಟೆ ಬಂತು. ಮೊದಲನೇ ಪುಸ್ತಕ ಕೆಳಗಿಳಿಸುವಷ್ಟರಲ್ಲಿ ಸೀನಿದೆ. ಒಂದೇ. ನನಗೆ ಜೀವ ಬಂದಂತಾಯಿತು.

"ಒಂಟಿ ಸೀನು ಅತ್ತೆ. ಈ ಕೆಲಸ ಇವತ್ತು ಬೇಡ."

ಅತ್ತೆ ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು. "ಅದು ಶಕುನ ಅಲ್ಲ ಅಳಿಯಂದ್ರೇ, ಅಲರ್ಜಿ. ಮೂಗಿಗೆ ಬಟ್ಟೆ ಕಟ್ಕೊಂಡು ಮೇಲಿನ ಸಾಲೂ ಒರೆಸಿ."