ಮಡಚುವ ಮೇಜು ಮತ್ತು ನಮ್ಮನೆಯ ಮೊಣಕಾಲುಗಳು

ಮನೆಯಲ್ಲಿ ಹೊಲಿಗೆ ಇಟ್ಟುಕೊಂಡವರಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ನಿಂತವರೇ ಬ್ಲೌಸ್ ತೊಟ್ಟ ಮೇಲೆ ಉಸಿರು ಬಿಟ್ಟು, "ಬಿಗಿ ಆತಲೇ" ಎಂದು ನನ್ನ ಮುಖ ನೋಡುತ್ತಾರೆ. ಶಿರಸಿಯ ನಮ್ಮ ಓಣಿಯಲ್ಲಿ ಇಂಥದ್ದು ದಿನಾ ಇದ್ದದ್ದೇ. ಆದರೆ ಒಂದು ಮೇಜು ಕೊಳ್ಳಲು ಹೊರಟು ನಾವು ಪಟ್ಟ ಪಾಡಿನ ಮುಂದೆ ಅದೆಲ್ಲ ಏನೂ ಅಲ್ಲ.

ನಾನು ಬಟ್ಟೆ ಕತ್ತರಿಸುತ್ತಿದ್ದದ್ದು ನೆಲದ ಮೇಲೆ. ಮೊಣಕಾಲು ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದರೆ, "ಒಂದೋ ನೆಲ ಬಿಡಿ, ಇಲ್ಲ ಹೊಲಿಗೆ ಬಿಡಿ" ಎಂದುಬಿಟ್ಟರು. ಅದೇ ಹೊತ್ತಿಗೆ ಯಲ್ಲಾಪುರದ ಒಂದು ಮದುವೆಮನೆಯಿಂದ ಮದುಮಗಳದ್ದು, ಅವಳ ಚಿಕ್ಕಮ್ಮ ದೊಡ್ಡಮ್ಮಂದಿರದ್ದು ಎಲ್ಲ ಸೇರಿ ರವಿಕೆ ಕಣಗಳ ದೊಡ್ಡ ಗಂಟು ಬಂದಿತ್ತು. ನನ್ನ ಕೈಗೆ ಅಷ್ಟು ದೊಡ್ಡ ಕೆಲಸ ಬಂದದ್ದು ಅದೇ ಮೊದಲು. ಬಿಡುವ ಮಾತೇ ಇರಲಿಲ್ಲ. ನಮ್ಮ ಜಗಲಿಯೋ ಚಿಕ್ಕದು. ಹಾಗಾಗಿ ಮಡಚಿ ಗೋಡೆಗೆ ಒರಗಿಸಿಡುವಂಥ ಮೇಜೇ ಬೇಕಾಗಿತ್ತು.

ನೆಲ ಎಂತ ಮಾಡಿದ್ದು?

ಜಗಲಿಯಲ್ಲಿ ಒಂದು ಬದಿ ನಾನು ಬಟ್ಟೆ ಹರವಿಕೊಂಡರೆ ಎದುರು ಬದಿ ಅತ್ತೆ ಕೂತು ಉದ್ದಿನ ಹಪ್ಪಳ ಲಟ್ಟಿಸುವುದು ಹಿಂದಿನಿಂದ ಬಂದ ಕ್ರಮ. ಮೇಜಿನ ಮಾತು ಎತ್ತಿದ ಕೂಡಲೇ ಅತ್ತೆ ಲಟ್ಟಣಿಗೆ ನಿಲ್ಲಿಸಿದರು.

"ನೆಲ ಎಂತ ಮಾಡಿದ್ದು ನಿಂಗೆ? ಇಷ್ಟು ವರ್ಷ ನೆಲದ ಮೇಲೇ ಕುಂತು ಉಂಡಿದ್ಯಲೇ."

"ಉಂಬಲೆ ಅಲ್ದ ಅತ್ತೆ, ಬಟ್ಟೆ ಕತ್ತರಿಸಲೆ."

"ಹಂಗಾರೆ ಇನ್ನೂ ನೆಲವೇ ಚಲೋ. ಬಟ್ಟೆಗೆ ಮೊಣಕಾಲು ನೋವು ಬತ್ತಿಲ್ಲೆ."

ಇಷ್ಟು ಹೇಳಿ ಅವರು ಗೋಡೆ ಹಿಡಿದುಕೊಂಡು, ನಿಧಾನಕ್ಕೆ ಎದ್ದು ಒಳಗೆ ಹೋದರು.

ಮೊಮ್ಮಕ್ಕಳ ಕಾಲದ ಮೇಜು

ನಮ್ಮ ಯಜಮಾನರಿಗೆ ಅಂಗಡಿಯ ಮೇಜೆಂದರೆ ತಾತ್ಸಾರ. "ಅದೆಲ್ಲ ತಗಡು. ಸಿದ್ದಾಪುರದಲ್ಲಿ ನನ್ನ ಗುರ್ತಿನ ಆಚಾರ್ರು ಇದ್ದ, ಮಾಡಿಸನ" ಎಂದರು. ನಮ್ಮ ಕಡೆ ಮರದ ಸಾಮಾನು ಮಾಡಿಸುವವರು ಅದು ಯಾತಕ್ಕೆ ಎಂದು ಯೋಚಿಸುವ ಮೊದಲು ಯಾವ ಮರ ಎಂದು ಯೋಚಿಸುತ್ತಾರೆ. ಅಜ್ಜನ ಕಾಲದಿಂದ ಅಟ್ಟದಲ್ಲಿದ್ದ ಹಲಸಿನ ಹಲಗೆಗಳು ಸಿದ್ದಾಪುರಕ್ಕೆ ಹೋದವು. ಮಡಚುವ ಮೇಜು ಎಂದು ಇಬ್ಬರಿಗೂ ಮತ್ತೆ ಮತ್ತೆ ಹೇಳಿದ್ದೆ.

ಮೇಜು ತಯಾರಾಯಿತು ಎಂದಾಗ ನೋಡಲು ಹೋದೆವು. ಚೆಂದವೇನೋ ಚೆಂದ. ಕಾಲಿಗೆ ಹಿತ್ತಾಳೆಯ ತಿರುಗಣಿ ಬೇರೆ. ಆದರೆ ಅದನ್ನು ಬಿಡಿಸಲು ಆಚಾರ್ರು, ನಮ್ಮವರು ಇಬ್ಬರೂ ಸಾಲದೆ ರಸ್ತೆಯಲ್ಲಿ ಬೈಕಿನ ಮೇಲೆ ಹೋಗುತ್ತಿದ್ದವರೊಬ್ಬರನ್ನೂ ಕರೆಯಬೇಕಾಯಿತು.

ಆಚಾರ್ರು ಬೆವರು ಒರೆಸಿಕೊಂಡು ಹೆಮ್ಮೆಯಿಂದ, "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದು ಅಲ್ಲಾಡೋದಿಲ್ಲ ನೋಡಿ" ಎಂದರು.

"ಮೊಮ್ಮಕ್ಕಳ ಕಾಲ ಇರಲಿ ಆಚಾರ್ರೇ, ಇದು ಈಗಲೇ ಅಲ್ಲಾಡ್ತಿಲ್ಲ. ನಾನೊಬ್ಬಳೇ ದಿನಾ ಹೇಗೆ ಮಡಚಲಿ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಇಷ್ಟು ಕಷ್ಟಪಟ್ಟು ಬಿಡಿಸಿದ್ದನ್ನು ಮತ್ತೆ ಯಾಕೆ ಮಡಚ್ತೀರಿ ಅಮ್ಮ?"

ಆ ಮೇಜು ಈಗಲೂ ಅಲ್ಲೇ ಇದೆ. ಅವರಿಗೂ ಉಳಿ ಹೊಡೆಯುವ ಕೆಲಸಕ್ಕೆ ಒಂದು ಗಟ್ಟಿ ಮೇಜು ಬೇಕಾಗಿತ್ತಂತೆ.

ಅಂಗಡಿಯೊಳಗೆ ಅಂಗಡಿ

ಇಷ್ಟಾದ ಮೇಲೆ ನಾನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಕತ್ತರಿ, ಸೀಮೆಸುಣ್ಣ, ಕತ್ತರಿಸಬೇಕಾಗಿದ್ದ ಒಂದು ಅಸ್ತರಿನ ಬಟ್ಟೆ ಚೀಲಕ್ಕೆ ಹಾಕಿಕೊಂಡು ಶಿರಸಿ ಪೇಟೆಯ ಅಂಗಡಿಗೆ ಹೋದೆ. ನಮ್ಮವರೂ ಬಂದರು. ಬಂದವರು ಅಲ್ಲಿ ಮಾರಲು ಇಟ್ಟ ಕುರ್ಚಿಯಲ್ಲಿ ಕೂತು ತೂಕಡಿಸತೊಡಗಿದರು.

"ಎಷ್ಟು ಜನ ಊಟಕ್ಕೆ ಕೂರ್ತೀರಿ?" ಎಂದು ಕೇಳಿದರು ಅಂಗಡಿಯವರು.

"ಯಾರೂ ಕೂರೋದಿಲ್ಲ. ನಾನು ನಿಲ್ತೇನೆ" ಎಂದೆ.

ಮೊದಲನೆಯ ಮೇಜಿಗೆ ಬಾಗಿದರೆ ಸೊಂಟ ಹಿಡಿಯಿತು. ಎರಡನೆಯದು ಕತ್ತರಿ ಆಡಿಸಿದ ಕೂಡಲೇ ತಾನೂ ಆಡಿತು. ಮೂರನೆಯದು ಸೊಂಟದ ಮಟ್ಟಕ್ಕೆ ಸರಿಯಾಗಿತ್ತು, ಭುಜ ಎತ್ತದೆ ಕತ್ತರಿ ಓಡಿತು. ಓಡಿದ ಕತ್ತರಿಯನ್ನು ನಡುವೆ ನಿಲ್ಲಿಸಬಾರದು ಎಂದು ಪೂರ್ತಿ ಕತ್ತರಿಸಿಯೇ ಮುಗಿಸಿದೆ. ತಲೆ ಎತ್ತಿದರೆ ಕಪಾಟು ಕೊಳ್ಳಲು ಬಂದ ಹೆಂಗಸೊಬ್ಬರು, "ಚಲೋ ಕತ್ತರಿಸ್ತೀರಿ. ನಂದೂ ಅಳತೆ ತಗಳಿ" ಎಂದು ಕೈ ಚಾಚಿ ನಿಂತಿದ್ದರು.

ಅಂಗಡಿಯವರು ನೋಡುವಷ್ಟು ನೋಡಿ, "ಅಮ್ಮ, ನೀವು ಮೇಜು ತಗೊಳ್ಳೋಕೆ ಬಂದ್ರೋ, ಅಂಗಡಿ ಇಡೋಕೆ ಬಂದ್ರೋ?" ಎಂದರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿ, "ನಮ್ಮ ಮನೆಯವಳದ್ದೂ ಒಂದು ಬ್ಲೌಸ್ ಇತ್ತು" ಎಂದರು.

ಎರಡನೆಯ ಮೇಜು

ಆ ಮೂರನೆಯ ಮೇಜೇ ಮನೆಗೆ ಬಂದಿತು. ಅದರ ಅಂಚಿಗೆ ಇಂಚಿನ ಪಟ್ಟಿ ಅಂಟಿಸಿದೆ. ಮೊಣಕಾಲು ಸುಮ್ಮನಾಯಿತು, ಕೆಲಸ ಓಡಿತು. ಮದುಮಗಳ ರೇಷ್ಮೆ ಕಣವೊಂದನ್ನು ಕೊನೆಗೆಂದು ಉಳಿಸಿಕೊಂಡು, ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಹುಕ್ಕು ತರಲು ಪೇಟೆಗೆ ಹೋಗಿದ್ದೆ.

ಬಂದು ನೋಡಿದರೆ ಮೇಜಿನ ತುಂಬ ಹಿಟ್ಟು. ಅತ್ತೆ ಸೆರಗು ಸಿಕ್ಕಿಸಿ, ನೆಟ್ಟಗೆ ನಿಂತು ಹಪ್ಪಳ ಲಟ್ಟಿಸುತ್ತಿದ್ದಾರೆ. ಒಂದೊಂದನ್ನೂ ಇಂಚಿನ ಪಟ್ಟಿಗೆ ಹಿಡಿದು ನೋಡುತ್ತಿದ್ದಾರೆ. ರೇಷ್ಮೆ ಕಣ ಕಾಣಲಿಲ್ಲ. ಹಪ್ಪಳದ ಹಿಟ್ಟಿನ ಎಣ್ಣೆ ರೇಷ್ಮೆಗೆ ತಾಗಿದರೆ ಮುಗಿಯಿತು, ಯಲ್ಲಾಪುರದವರಿಗೆ ಮುಖ ತೋರಿಸುವ ಹಾಗಿಲ್ಲ. ಚೀಲ ಅಲ್ಲೇ ಬಿಟ್ಟು ಮೇಜಿನ ಅಡಿಯೆಲ್ಲ ಹುಡುಕತೊಡಗಿದೆ.

"ಹೆದರಡ. ನಿನ್ನ ರೇಷ್ಮೆ ಮೇಲೆ ಬಟ್ಟೆ ಗಳದಲ್ಲಿದ್ದು, ನಾನೇ ನನ್ನ ಮಡಿ ಸೀರೆಯೊಳಗೆ ಸುತ್ತಿಟ್ಟಿದ್ದಿ. ಮೀಯದೆ ಮುಟ್ಟಡ."

ಆ ಸೀರೆಯನ್ನು ಮದುವೆಯಾಗಿ ಬಂದಾಗಿನಿಂದ ನನಗೇ ಮುಟ್ಟಲು ಬಿಟ್ಟವರಲ್ಲ. ಜೀವ ಬಂದಂತಾಗಿ, "ಅಲ್ಲ ಅತ್ತೆ, ನೆಲ ಎಂತ ಮಾಡಿದ್ದು?" ಎಂದು ಕೇಳಿದೆ.

ಅತ್ತೆ ತಲೆ ಎತ್ತಲಿಲ್ಲ. "ಮೊಣಕಾಲು ದೇವ್ರು ನಿಂಗೊಬ್ಬಳಿಗೇ ಕೊಟ್ಟಿದ್ದ ಹೇಳಿ ತಿಳ್ಕಂಡಿದ್ಯ?"

ಅವರು ಗೋಡೆ ಹಿಡಿದು ಏಳುತ್ತಿದ್ದದ್ದು ಆಗ ನೆನಪಾಯಿತು. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಸ್ನಾನ ಮಾಡಿ ಬಂದು ರೇಷ್ಮೆ ಇಳಿಸಿಕೊಂಡೆ.

ಬ್ಲೌಸ್ ಒಯ್ಯಲು ಬಂದ ಮದುಮಗಳ ತಾಯಿ ಹೊಲಿಗೆ ಮೆಚ್ಚಿದರು. ಅದಕ್ಕಿಂತ ಹೆಚ್ಚಾಗಿ, ಅಳತೆ ಹಿಡಿದು ಮಾಡಿದ ಹಪ್ಪಳ ಮೆಚ್ಚಿ ಮದುವೆಗೂ ಅದನ್ನೇ ಮಾಡಿಕೊಡಲು ಹೇಳಿ ಹೋದರು. ಅತ್ತೆಯ ಮುಖ ನೋಡಬೇಕಿತ್ತು.

ಮರುದಿನ ಅತ್ತೆಗೂ ಒಂದು ಮೇಜು ಕೊಳ್ಳಲು ನಾವಿಬ್ಬರೂ ಅದೇ ಅಂಗಡಿಯಲ್ಲಿ. ಅತ್ತೆ ಚೀಲದಿಂದ ಲಟ್ಟಣಿಗೆ ತೆಗೆದರು, ಡಬ್ಬದಿಂದ ಹಿಟ್ಟಿನ ಉಂಡೆ ತೆಗೆದರು, ಮೇಜಿನ ಮೇಲೆ ಹಿಟ್ಟು ಉದುರಿಸಿ ಲಟ್ಟಿಸಿಯೇಬಿಟ್ಟರು.

ಅಂಗಡಿಯವರು ಕೈಮುಗಿದರು. "ಮೇಜು ತಗೊಂಡು ಹೋಗಿ ತಾಯಿ. ನಿಮ್ಮ ಮನೆಯಲ್ಲಿ ಇನ್ನು ಯಾರಾದರೂ ಬರೋರು ಇದ್ದರೆ ಮಾತ್ರ ಮೊದಲೇ ಹೇಳಿಬಿಡಿ."

ಅತ್ತೆ ಲಟ್ಟಣಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡರು. "ನನ್ನ ಮಗ ಒಬ್ಬ ಇದ್ದಾನೆ. ಅವನಿಗೆ ಮಂಚ ಬೇಕು. ಅವನೂ ಮಲಗಿ ನೋಡಿಯೇ ತಗೊಳ್ಳೋದು."