ಅತ್ತೆಗಾಗಿ ಹಾಕಿಸಿದ ಅಗಲದ ಟಯರು

ವಾಹನಗಳ ವಿಷಯದಲ್ಲಿ ನನಗಿದ್ದ ಪಾಂಡಿತ್ಯದ ಬಗ್ಗೆ ಆ ವರ್ಷದ ಮಳೆಗಾಲ ಮುಗಿಯುವವರೆಗೂ ನನಗೆ ಯಾವ ಸಂಶಯವೂ ಇರಲಿಲ್ಲ. ಹೆಂಚಿನ ಕಾರ್ಖಾನೆಯ ಕಚೇರಿಯಲ್ಲಿ ನಾನು ಗುಮಾಸ್ತ. ನನ್ನ ಮೇಜಿನ ಪಕ್ಕದ ಕಿಟಕಿಯಿಂದ ದಿನವಿಡೀ ಲಾರಿಗಳು ಕಾಣುತ್ತಿದ್ದವು. ಟಯರು ಅಗಲವಾದಷ್ಟೂ ಲಾರಿ ಅಲುಗಾಡದೆ ನಿಲ್ಲುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ. ಇದಕ್ಕಿಂತ ಹೆಚ್ಚು ತಿಳಿಯುವುದೇನಿದೆ ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಆ ಮಳೆಗಾಲದಲ್ಲಿ ನನ್ನ ಸೋದರಮಾವ ತೀರಿಕೊಂಡರು. ನಮ್ಮದು ಅಳಿಯಕಟ್ಟಿನ ಕುಟುಂಬ. ಜೆಪ್ಪುವಿನ ಮನೆ ನನ್ನ ಅಜ್ಜಿಯ ಕಾಲದಿಂದ ನಮ್ಮ ತಾಯಿಯ ಕಡೆಗೆ ಸೇರಿದ್ದು. ಮಾವ ಅದರ ಯಜಮಾನರಾಗಿದ್ದರು. ಯಜಮಾನ ಹೋದರೆ ಯಜಮಾನಿಕೆ ಸೋದರಳಿಯನಿಗೆ ಬರುತ್ತದೆ. ಯಜಮಾನನ ಹೆಂಡತಿ ತನ್ನ ತವರಿಗೆ ಹೊರಡುತ್ತಾಳೆ. ಹೊರಡು ಎಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗುವುದೂ ಇಲ್ಲ. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಚದುರಿದ ಮೇಲೆ, ಸುಂದರಿ ಅತ್ತೆ ತಮ್ಮ ಸೀರೆಗಳನ್ನು ಬಿಸಿಲಿಗೆ ಹಾಕಿ, ಮಡಚಿ, ತಗಡಿನ ಪೆಟ್ಟಿಗೆಗೆ ತುಂಬತೊಡಗಿದರು. ವಾಮಂಜೂರಿನಲ್ಲಿ ಅವರ ತಮ್ಮನ ಮನೆ. ಅತ್ತೆಗೆ ಮಕ್ಕಳಿರಲಿಲ್ಲ. ತಾಯಿಯಿಲ್ಲದ ನನಗೆ ಗಂಜಿ ಉಣಿಸಿ, ಶಾಲೆಗೆ ಕಳಿಸಿ, ಮದುವೆ ಮಾಡಿಸಿದವರು ಅವರೇ.

ನನ್ನ ಹೆಂಡತಿ ವಾರಿಜ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ತಡೆದಳು.

“ಅತ್ತೆ ಹೋಗ್ಲೇಬೇಕಾ?”

“ಅದು ಕ್ರಮ ಅಲ್ವಾ.”

“ಎಂತದ್ದು ಕ್ರಮ? ಇಷ್ಟು ವರ್ಷ ಈ ಮನೆಯನ್ನು ನೋಡಿಕೊಂಡವರು ಅವರು. ನೀವು ಒಂದು ಮಾತು ಹೇಳಿ. ‘ಇಲ್ಲೇ ಇರಿ’ ಅಂತ. ಈಗ ಯಜಮಾನರು ನೀವಲ್ವಾ?”

ಹೇಳಬೇಕೆಂದು ನನಗೂ ಇತ್ತು. ಆದರೆ ಹೇಗೆ ಹೇಳುವುದು? ಕರುಣೆ ತೋರಿಸುತ್ತಿದ್ದಾನೆ ಎಂದು ಅತ್ತೆ ನೊಂದುಕೊಂಡರೆ? ನೆಂಟರು ಆಡಿಕೊಂಡರೆ? ನಾನು ಹೇಳುವಾಗ ಅತ್ತೆ ಕಣ್ಣೀರು ಹಾಕಿ, ನನ್ನನ್ನೂ ಅಳಿಸಿಬಿಟ್ಟರೆ? ಇಷ್ಟೆಲ್ಲ ಕಷ್ಟಗಳನ್ನು ತೂಗಿ ನೋಡಿ ನಾನು ಒಂದು ಘನವಾದ ನಿರ್ಧಾರಕ್ಕೆ ಬಂದೆ.

“ಅತ್ತೆಯನ್ನು ಮಾವನ ಕಾರಿನಲ್ಲಿ ಕಳಿಸುವ,” ಎಂದೆ.

ವಾರಿಜ ನನ್ನನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

ಕಾರೆಂದರೆ ಸಾಮಾನ್ಯದ್ದಲ್ಲ. ಸ್ವದೇಶಕ್ಕೆ ಮರಳುತ್ತಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಮಾವ ಕೊಂಡದ್ದು. ಎರಡೇ ಸೀಟು, ತಲೆಯ ಮೇಲೆ ಮಾಡು ಇಲ್ಲ, ಉದ್ದ ಮೂತಿ, ಸೈಕಲ್ಲಿನ ಹಾಗೆ ಕಡ್ಡಿಗಳಿದ್ದ ಎತ್ತರದ ಸಪೂರ ಚಕ್ರಗಳು. ಸಂಜೆ ಮಾವ ಮತ್ತು ಅತ್ತೆ ಅದರಲ್ಲಿ ಕಡಲ ಕಡೆಗೆ ಹೋಗುತ್ತಿದ್ದರು. ಟಯರುಗಳು ಸವೆದು ಕ್ಯಾನ್ವಾಸು ಕಂಡಾಗ ಆ ಅಳತೆಯವು ಮದರಾಸಿನಲ್ಲೂ ಸಿಗಲಿಲ್ಲ. ಅಂದಿನಿಂದ ಅದು ಹಿತ್ತಲಿನ ಕೊಟ್ಟಿಗೆಯಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಎಂಜಿನು ಮಾತ್ರ ಸರಿ ಇತ್ತು. ಮಾವ ಪ್ರತಿ ಭಾನುವಾರ ಅದನ್ನು ಸ್ಟಾರ್ಟ್ ಮಾಡಿ, ಎಲ್ಲಿಗೂ ಹೋಗದೆ, ಸೀಟಿನಲ್ಲಿ ಕೂತು ಇಳಿಯುತ್ತಿದ್ದರು.

ಬಂದರಿನಲ್ಲಿ ಹಳೆ ಮೋಟಾರು ಸಾಮಾನಿನ ವ್ಯಾಪಾರ ಮಾಡುತ್ತಿದ್ದ ಇಸ್ಮಾಯಿಲ್ ಬ್ಯಾರಿಯ ಅಂಗಡಿಗೆ ನಾನು ಹೋದೆ. ಒಣಮೀನಿನ ಗೋದಾಮುಗಳ ನಡುವೆ ಆತನ ಅಂಗಡಿ. ಅಲ್ಲಿನ ಟಯರುಗಳಿಗೂ ಒಣಮೀನಿನ ವಾಸನೆಯೇ ಇತ್ತು. ಇಸ್ಮಾಯಿಲ್‌ಗೆ ಮಾವನ ಪರಿಚಯವಿತ್ತು. ವಿಷಯ ಕೇಳಿ ಟೊಪ್ಪಿ ಸರಿಪಡಿಸಿಕೊಂಡ.

“ಒಳ್ಳೆಯ ಜನ ಮಾರಾಯ್ರೆ. ಬಂದರೆ ಚಾ ಕುಡಿಯದೆ ಹೋಗ್ತಿರಲಿಲ್ಲ,” ಎಂದ. ಆಮೇಲೆ ಮೂಲೆಯಿಂದ ಒಂದು ಟಯರು ಉರುಳಿಸಿಕೊಂಡು ಬಂದ. “ನಿಮ್ಮ ಹಳೆ ಚಕ್ರದ ಅಳತೆಗೆ ಇದೊಂದು ಜಾತಿ ಕೂರ್ತದೆ. ಮೋಟಾರು ಸೈಕಲ್ಲಿನದ್ದು.”

ನಾನು ಅದರ ಅಗಲಕ್ಕೆ ಕೈಯಿಟ್ಟು ನೋಡಿದೆ. ಅಂಗೈಯಷ್ಟೂ ಇರಲಿಲ್ಲ.

“ಇದಾ? ಅತ್ತೆಗೆ ಮೊಣಕಾಲು ನೋವು ಉಂಟು ಇಸ್ಮಾಯಿಲ್. ಇದರ ಮೇಲೆ ಹೋದರೆ ರಸ್ತೆಯ ಒಂದೊಂದು ಕಲ್ಲೂ ಅವರಿಗೆ ಗೊತ್ತಾಗ್ತದೆ.”

“ಹಾಗಾದ್ರೆ ಇದು ನೋಡಿ. ಜೀಪಿನದ್ದು. ಮಿಲಿಟರಿ ಮಾಲು. ಚಕ್ರ ಸಮೇತ ಉಂಟು.”

ನೋಡಿದೆ. ಅಗಲವೆಂದರೆ ಅದು ಅಗಲ. ಹೊಲದಲ್ಲಿ ಓಡಿಸಿದರೂ ಹೂತುಹೋಗದ ಹಾಗೆ ಮೈಮೇಲೆ ದಪ್ಪ ಗಂಟುಗಳು.

“ಕಾರಿಗೆ ಆಗ್ತದಾ?”

“ಯಾಕಾಗುದಿಲ್ಲ? ಯುದ್ಧಕ್ಕೆ ಆಗಿದೆ, ವಾಮಂಜೂರಿಗೆ ಆಗುದಿಲ್ವಾ?”

ಈ ತರ್ಕಕ್ಕೆ ತಲೆದೂಗಿ ನಾನು ದುಡ್ಡು ಎಣಿಸಿದೆ. ಆಗುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವನ ಜೀವಮಾನದಲ್ಲಿ ಅಂಥ ಕಾರಿಗೆ ಟಯರು ಮಾರಿದ್ದು ಅದೇ ಮೊದಲು.

ಜೀಪಿನ ಚಕ್ರದ ತೂತುಗಳು ನಮ್ಮ ಕಾರಿಗೆ ಹೊಂದಲಿಲ್ಲ. ಅಂಗಡಿಯ ಪಕ್ಕದ ವೆಲ್ಡಿಂಗಿನವನು ನಮ್ಮ ಕೊಟ್ಟಿಗೆಗೆ ಬಂದು, ನಡುವೆ ಒಂದು ದಪ್ಪ ಕಬ್ಬಿಣದ ಬಿಲ್ಲೆ ಇಟ್ಟು ಅವನ್ನು ಕೂರಿಸಿದ. ಆಗ ಚಕ್ರಗಳು ಮಡ್‌ಗಾರ್ಡಿನಿಂದ ಹೊರಗೆ ಇಣುಕಿದವು. ಮೊದಲಿನ ಚಕ್ರಗಳಿಗಿಂತ ಇವು ಗಿಡ್ಡವಾದ್ದರಿಂದ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರವಾಯಿತು. ಓಡುವ ಕುದುರೆಯಂತಿದ್ದ ಕಾರು ಈಗ ಬೆಚ್ಚಗೆ ಕೂತ ಕಪ್ಪೆಯಂತೆ ಕಾಣುತ್ತಿತ್ತು. ನನಗೆ ಬಹಳ ಇಷ್ಟವಾಯಿತು.

ಒಬ್ಬನೇ ಕೂತು ಜೆಪ್ಪುವಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿದೆ. ಎಡಕ್ಕೆ ಪೂರ್ತಿ ತಿರುಗಿಸಿದಾಗ ಮಾತ್ರ ಬೆಕ್ಕು ಕೂಗಿದ ಹಾಗೆ ಸಣ್ಣ ಸದ್ದು ಬಂತು. ಎಡಕ್ಕೆ ಹೆಚ್ಚು ತಿರುಗಿಸಬಾರದು ಎಂದು ತೀರ್ಮಾನಿಸಿದೆ. ತಾಂತ್ರಿಕ ಸಮಸ್ಯೆಗಳನ್ನು ಬಗೆಹರಿಸುವುದು ಹೀಗೆ!

ಹೊರಡುವ ದಿನ ಅತ್ತೆ ಅಂಗಳಕ್ಕೆ ಬಂದು ಕಾರನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ಇದಕ್ಕೆ ಎಂತ ಆಗಿದೆ ಜಯ?”

“ಟಯರು ಹಾಕಿಸಿದೆ ಅತ್ತೆ. ಅಗಲದ್ದು. ನಿಮಗೆ ಕುಲುಕುವುದಿಲ್ಲ.”

“ನಾನು ಬಸ್ಸಿನಲ್ಲಿ ಹೋಗ್ತಿದ್ದೆ ಮಗಾ. ಇಷ್ಟೆಲ್ಲ ಯಾಕೆ?”

ವಾರಿಜ ನನ್ನ ಬೆನ್ನ ಹಿಂದೆ ನಿಂತು, “ಈಗ ಹೇಳಿ,” ಎಂದು ಪಿಸುಗುಟ್ಟಿದಳು. ನಾನು ಬಗ್ಗಿ ಟಯರಿನ ಗಾಳಿ ಪರೀಕ್ಷಿಸಿದೆ.

ತಗಡಿನ ಪೆಟ್ಟಿಗೆಯನ್ನು ಹಿಂದೆ ಕಟ್ಟಿದೆವು. ಅದರ ಮೇಲೆ ಅತ್ತೆಯ ತಾಮ್ರದ ಹಂಡೆ, ಹಾಸಿಗೆಯ ಸುರುಳಿ. ಅತ್ತೆ ಬಂದು ಪಕ್ಕದಲ್ಲಿ ಕೂತರು. ಸ್ಪ್ರಿಂಗುಗಳು ಒಮ್ಮೆ ನಿಟ್ಟುಸಿರು ಬಿಟ್ಟವು. ನಾನು ಸಣಕಲು; ನನ್ನೊಬ್ಬನ ಭಾರಕ್ಕೆ ಎತ್ತರದಲ್ಲಿದ್ದ ಹಿಂದಿನ ಮಡ್‌ಗಾರ್ಡಿನ ಅಂಚು ಈಗ ಮೆಲ್ಲನೆ ಇಳಿದು ಟಯರಿನ ಗಂಟುಗಳ ಮೇಲೆ ಕೂತಿತು. ಆ ಕಡೆಗೆ ನಾನು ನೋಡಲಿಲ್ಲ. ಅತ್ತೆ ಮನೆಯನ್ನು ನೋಡುತ್ತಿದ್ದರು, ನಾನು ಅತ್ತೆಯನ್ನು ನೋಡುತ್ತಿದ್ದೆ.

ಗೇಟು ದಾಟುವಾಗಲೇ ಗರಗರ ಸದ್ದು ಶುರುವಾಯಿತು. ಪೇಟೆ ದಾಟುವಾಗ ಅದು ಗರಗಸದ ಮಿಲ್ಲಿನ ಸದ್ದಾಯಿತು. ಅಂಗಡಿಗಳ ಜಗಲಿಯಲ್ಲಿದ್ದವರು ಎದ್ದು ನಿಂತರು. ಬಹುಶಃ ಸ್ವಾಗತಿಸುತ್ತಿದ್ದಾರೆಂದು ನಾನು ತಲೆಬಾಗಿದೆ. ಅತ್ತೆ ಸೆರಗನ್ನು ತಲೆಗೆ ಸುತ್ತಿಕೊಂಡು ನೇರ ಮುಂದಕ್ಕೆ ನೋಡುತ್ತಾ ಕೂತಿದ್ದರು. ಅವರ ಗಂಡನ ಸೀಟಿನಲ್ಲಿ ನಾನು ಕೂತಿದ್ದೆ.

ಕುಲಶೇಖರದ ಹತ್ತಿರ ಬರುವಾಗ ನನಗೆ ಹೇಗೋ ಧೈರ್ಯ ಬಂತು. ವಾರಿಜ ಹೇಳಿಕೊಟ್ಟ ಮಾತನ್ನು ಹೇಳಿಯೇಬಿಟ್ಟೆ.

“ಅತ್ತೆ, ಹೋಗುವುದು ಬೇಡ.”

“ಎಂತ?” ಅತ್ತೆ ಕಿವಿಯನ್ನು ನನ್ನ ಕಡೆ ತಿರುಗಿಸಿದರು.

“ಹೋಗುವುದು ಬೇಡ ಅತ್ತೆ,” ಎಂದು ಕಿರುಚಿದೆ.

“ಹೌದು ಮಗಾ, ಇದು ಇನ್ನು ಹೋಗುವುದಿಲ್ಲ. ಹೊಗೆ ಬರ್ತಾ ಉಂಟು.”

ತಿರುಗಿ ನೋಡಿದೆ. ಹಿಂದಿನ ಚಕ್ರದಿಂದ ನೀಲಿ ಹೊಗೆ ಏಳುತ್ತಿತ್ತು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಗಾಬರಿಯಲ್ಲಿ ಕಾರನ್ನು ಬದಿಗೆ ತರಲು ಹೋಗಿ ಎಡಕ್ಕೆ ಪೂರ್ತಿ ತಿರುಗಿಸಿದೆ. ಮುಂದಿನ ಟಯರು ಮಡ್‌ಗಾರ್ಡಿಗೆ ಸಿಕ್ಕಿ ಅಲ್ಲೇ ಕಚ್ಚಿಕೊಂಡಿತು. ಅದೇ ಹೊತ್ತಿಗೆ ಹಿಂದಿನದು ಗರ್ನಾಲು ಪಟಾಕಿ ಸಿಡಿದ ಹಾಗೆ ಸಿಡಿಯಿತು. ಹಂಡೆ ಕಳಚಿ ಇಳಿಜಾರಿನಲ್ಲಿ ಉರುಳತೊಡಗಿತು. ವಾಮಂಜೂರಿನ ದಿಕ್ಕಿಗೇ ಹೊರಟಿತ್ತು. ನಮ್ಮ ವಾಹನಗಳಲ್ಲಿ ಅದೊಂದೇ ಸರಿಯಾಗಿ ಓಡಿದ್ದು.

ಓಡಿ ಹಂಡೆ ಹಿಡಿದು ತಂದೆ. ಅತ್ತೆ ಕಾರಿನಿಂದಿಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಈಗ ಯಾವ ಸದ್ದೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ಕೈಯಲ್ಲಿ ಹಂಡೆ ಹಿಡಿದು, ಮುಖಕ್ಕೆಲ್ಲ ಮಸಿ ಬಳಿದುಕೊಂಡು ನಿಂತ ಯಜಮಾನನೊಬ್ಬ ‘ನನ್ನ ಮನೆಯಲ್ಲಿ ಇರಿ’ ಎಂದು ಯಾವ ಬಾಯಿಯಲ್ಲಿ ಹೇಳಬೇಕು? ಬಿದ್ದ ಪೆಟ್ಟಿಗೆ ಹಂಡೆಯಲ್ಲಾದ ತಗ್ಗನ್ನು ಒರೆಸುತ್ತಾ ನಿಂತೆ.

ಮೂಡಬಿದ್ರೆಯ ಬಸ್ಸು ಬಂತು. ಅತ್ತೆಯೇ ಕೈ ಅಡ್ಡ ಹಿಡಿದರು. ಕಂಡಕ್ಟರು ಪೆಟ್ಟಿಗೆ, ಹಾಸಿಗೆ, ಹಂಡೆಯನ್ನು ಮೇಲೆ ಹಾಕಿದ. ಅತ್ತೆ ಮೆಟ್ಟಿಲ ಮೇಲಿಂದ ತಿರುಗಿ, “ಊಟ ಮಾಡದೆ ಇರಬೇಡ,” ಎಂದರು. ಬಸ್ಸು ಹೋಯಿತು. ಅದರ ಟಯರುಗಳು ಸಪೂರವಾಗಿದ್ದವು.

ಎತ್ತಿನ ಗಾಡಿಗೆ ಕಾರನ್ನು ಕಟ್ಟಿಸಿ ಮನೆಗೆ ತಂದಾಗ ವಾರಿಜ ಗೇಟಿನಲ್ಲಿ ನಿಂತಿದ್ದಳು.

“ಹೇಳಿದ್ರಾ?”

“ಹೇಳಿದೆ. ಕೇಳಿಸಲಿಲ್ಲ.”

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ನಾನು ಬಸ್ಸಿನಲ್ಲಿ ವಾಮಂಜೂರಿಗೆ ಹೋದೆ. ಅತ್ತೆ ತಮ್ಮನ ಮನೆಯ ಹಿಂದೆ ಬಸಳೆಗೆ ಚಪ್ಪರ ಕಟ್ಟುತ್ತಿದ್ದರು. ಮುಖ ಬಾಡಿತ್ತು. ಎದುರು ನಿಂತು, ಯಾವ ಗಲಾಟೆಯೂ ಇಲ್ಲದ ಜಾಗದಲ್ಲಿ, ಅಂದು ಕಾರಿನಲ್ಲಿ ಕಿರುಚಿದ್ದು ಏನೆಂದು ಹೇಳಿದೆ.

ಅತ್ತೆ ಹಗ್ಗದ ಗಂಟನ್ನು ಬಿಗಿದರು.

“ಅಷ್ಟು ದೊಡ್ಡ ಸ್ವರದಲ್ಲಿ ಕಿರುಚಿದ್ದು ಅದನ್ನಾ? ಕಾರು ಇನ್ನು ಹೋಗುವುದಿಲ್ಲ ಅಂತ ಹೇಳ್ತಿದ್ದಿ ಅಂತ ನಾನು ದೇವರ ಹೆಸರು ಹೇಳ್ತಾ ಕೂತಿದ್ದೆ.”

“ಈಗ ಬನ್ನಿ ಅತ್ತೆ.”

“ಇಲ್ಲ ಮಗಾ. ಬಂದಾಯಿತು. ತಮ್ಮ ಕೋಣೆಗೆ ಸುಣ್ಣ ಬಳಿಸಿದ್ದಾನೆ. ಈಗ ಹೊರಟರೆ ಅವನಿಗೆ ಬೇಜಾರಾಗ್ತದೆ.” ಅವರು ನನ್ನ ಕಡೆ ನೋಡಲಿಲ್ಲ. “ಅಂದು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ ನಾನು. ನೀನು ಟಯರು ನೋಡ್ತಾ ಇದ್ದಿ.”

ನಾನು ಗೂಟವನ್ನು ಹಿಡಿದುಕೊಂಡೆ, ಅವರು ಕಟ್ಟಿದರು. ಎಲ್ಲ ಮುಗಿದ ಮೇಲೆ ಅತ್ತೆ ಚಪ್ಪರವನ್ನು ಒಮ್ಮೆ ಅಲುಗಾಡಿಸಿ ನೋಡಿದರು. ನಾನು ಹಿಡಿದಿದ್ದ ಮೂಲೆ ಮಾತ್ರ ಕುಸಿಯಿತು.

“ನೀನು ಒಳಗೆ ಹೋಗಿ ಕೂತುಕೋ ಜಯ,” ಎಂದರು. “ಚಾ ತರ್ತೇನೆ.”