ರೆಪಾಸಿಟರಿಯವನ ಮೇಲೆ ಮೇಷ್ಟ್ರ ಕೋಪ

ಚೆನ್ನಾಗಿ ನಡೆಯುತ್ತಿರುವುದನ್ನು ಇನ್ನಷ್ಟು ಚೆನ್ನಾಗಿ ಮಾಡುತ್ತೇನೆಂದು ಹೊರಡುವ ಗಂಡಸರನ್ನು ಹಿಡಿದು ಒಳಗೆ ಹಾಕಲು ಒಂದು ಕಾಯಿದೆ ಬರಬೇಕು. ಅದು ಬರುವವರೆಗೆ ತರೀಕೆರೆಯ ತ್ರಿವೇಣಿಯಂಥ ಹೆಂಗಸರಿಗೆ ನ್ಯಾಯ ಸಿಗುವುದಿಲ್ಲ.

ವಿಜಯದಶಮಿಯ ಬೆಳಿಗ್ಗೆ ಒಂಬತ್ತು ಗಂಟೆಗೆ ಅವಳ ಮನೆಯ ಸ್ಕ್ಯಾನರು ಕಲ್ಲುಗುಂಡಿನ ಹಾಗೆ ಗಟ್ಟಿಮುಟ್ಟಾಗಿತ್ತು. ಒಂಬತ್ತೂ ಹತ್ತಕ್ಕೆ ಅವಳ ಗಂಡ ಹೊನ್ನೇಶ್ ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತರು. ಒಂಬತ್ತೂಕಾಲಿಗೆ ಸ್ಕ್ಯಾನರು ಸತ್ತಿತ್ತು.

ಮಿಕ್ಕ ದಿನ ಸತ್ತಿದ್ದರೆ ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಯಾವುದೋ ಟ್ರಸ್ಟಿನವರು ಸುತ್ತಮುತ್ತಲಿನ ಊರುಗಳಲ್ಲಿ ಗ್ರಂಥಾಲಯ ತೆರೆದು, ನೋಡಿಕೊಳ್ಳಲು ಜನ ಬೇಕೆಂದು ಪ್ರಕಟಣೆ ಕೊಟ್ಟಿದ್ದರು. ಆನ್‌ಲೈನಿನಲ್ಲೇ ಅರ್ಜಿ. ಆವತ್ತು ಸಂಜೆ ಐದಕ್ಕೆ ಕೊನೆ. ವಯಸ್ಸು ನಲವತ್ತೈದು ದಾಟಿರಬಾರದು, ತ್ರಿವೇಣಿಗೆ ಮುಂದಿನ ತಿಂಗಳು ದಾಟುತ್ತದೆ. ಮದುವೆಗೆ ಮೊದಲು ಓದಿದ್ದ ಗ್ರಂಥಾಲಯ ವಿಜ್ಞಾನದ ಡಿಗ್ರಿ ಹತ್ತೊಂಬತ್ತು ವರ್ಷದಿಂದ ಟ್ರಂಕಿನಲ್ಲಿ ನುಸಿಗುಳಿಗೆಗಳ ಜೊತೆ ಸಂಸಾರ ಮಾಡುತ್ತಿತ್ತು. ಒಂದು ಸಲ ಅರ್ಜಿ ಹಾಕಬೇಕೆನ್ನುವಾಗ ಮಾವನವರಿಗೆ ಲಕ್ವ ಹೊಡೆಯಿತು. ಇನ್ನೊಂದು ಸಲ ಅತ್ತೆಗೆ ಕಣ್ಣಿನ ಪೊರೆ ಬಂತು. ಮೂರನೇ ಸಲ ಯಾರಿಗೂ ಏನೂ ಆಗಲಿಲ್ಲ, ಬರೆದ ಅರ್ಜಿಯನ್ನು ಮೇಷ್ಟ್ರು ಅಂಚೆಗೆ ಹಾಕುತ್ತೇನೆಂದು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಅಂಗಿಯನ್ನು ಒಗೆಯಲು ಹಾಕಿದರು. (ಒಗೆದವಳು ತ್ರಿವೇಣಿಯೇ. ಆ ಸಿಟ್ಟಿಗೆ ಅಂಗಿಯ ಮೂರು ಗುಂಡಿ ಕಿತ್ತುಹೋಗಿದ್ದವು.)

"ರೀ, ನಿನ್ನೆ ರೇಷನ್ ಕಾರ್ಡು ಸ್ಕ್ಯಾನ್ ಮಾಡಿದ್ನಲ್ರೀ, ಸರಿಯಾಗೇ ಬಂತು. ಅದನ್ಯಾಕ್ರೀ ಮುಟ್ಟಿದ್ರಿ?"

"ಲೇ, ಅದು ಹಳೇ ವರ್ಷನ್ ಕಣೇ. ನಿನ್ನ ಸರ್ಟಿಫಿಕೇಟು ಮಸುಕಾಗೈತೆ. ಹೊಸ ವರ್ಷನ್ನಲ್ಲಿ ತೆಗೆದ್ರೆ ಅಕ್ಷರ ಒಂದೊಂದೂ ಎದ್ದು ಕಾಣ್ತದೆ. ಐದೇ ನಿಮಿಷ."

ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಆರು ವರ್ಷದ ಕೆಳಗೆ ಹತ್ತು ದಿನದ ಸರ್ಕಾರಿ ತರಬೇತಿಯಲ್ಲಿ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶದ ದರ್ಶನವಾಗಿ, ಅಂದಿನಿಂದ ಅದರ ಪರಮ ಭಕ್ತರಾಗಿದ್ದರು. ಮನೆಯ ಕಂಪ್ಯೂಟರಿಗೂ ಅದರ ದೀಕ್ಷೆ ಕೊಡಿಸಿದ್ದರು. ಲಿನಕ್ಸಿನಲ್ಲಿ ಬೇಕಾದ ಸಾಮಾನನ್ನು ಕಂಡಕಂಡಲ್ಲಿ ಹುಡುಕುವಂತಿಲ್ಲ. ಎಲ್ಲೋ ದೂರದ ಒಂದು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಪೇರಿಸಿಟ್ಟ ಉಗ್ರಾಣವಿರುತ್ತದೆ, ಅದಕ್ಕೆ ರೆಪಾಸಿಟರಿ ಎನ್ನುತ್ತಾರೆ. ಇಂಥದ್ದು ಬೇಕೆಂದು ಇಲ್ಲಿಂದ ಆಜ್ಞೆ ಕೊಟ್ಟರೆ ಅಲ್ಲಿಂದ ಬಂದು ಕೂರುತ್ತದೆ. ಮೇಷ್ಟ್ರು ಸ್ಕ್ಯಾನರನ್ನು ನಡೆಸುವ ಹಳೆಯ ತಂತ್ರಾಂಶವನ್ನು ತೆಗೆ ಎಂದು ಆಜ್ಞೆ ಕೊಟ್ಟರು, ಮರುಮಾತಿಲ್ಲದೆ ತೆಗೆಯಿತು. ಹೊಸದನ್ನು ಹಾಕು ಎಂದರು. ಪರದೆಯ ಮೇಲೆ 'ಫೇಲ್ಡ್' ಎಂಬ ಮಾತೂ ಆ ಉಗ್ರಾಣದ ವಿಳಾಸವಾದ ಯಾವುದೋ ನಂಬರೂ ಬಂದವು, ಉಗ್ರಾಣ ಬಾಗಿಲು ತೆಗೆಯಲಿಲ್ಲ. ಹೊಸದು ಕೈಗೆ ಸಿಗುವ ಮೊದಲು ಹಳೆಯದನ್ನು ಎಸೆಯಬಾರದೆಂಬುದು ಹಳೇ ಪಾತ್ರೆಗೆ ಹೊಸ ಪಾತ್ರೆ ಕೊಡುವವನ ಮುಂದೆ ನಿಂತ ಯಾವ ಹೆಂಗಸಿಗಾದರೂ ಗೊತ್ತು, ಮೇಷ್ಟ್ರಿಗೆ ಅದನ್ನು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಅದೇ ಆಜ್ಞೆಯನ್ನು ಇನ್ನೊಮ್ಮೆ ಕೊಟ್ಟರು. ಗಟ್ಟಿಯಾಗಿ ಕೀಲಿ ಕುಟ್ಟಿ ಕೊಟ್ಟರು. ಇಂಟರ್‌ನೆಟ್ಟಿನ ವೈರು ಕಿತ್ತು, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿ ಕೊಟ್ಟರು. ಫೇಲ್ಡ್, ಫೇಲ್ಡ್, ಫೇಲ್ಡ್. ಮೂವತ್ತೆರಡು ವರ್ಷ ಮಕ್ಕಳನ್ನು ಫೇಲು ಮಾಡಿದ ಕೈಗೆ ಇದು ಸಹಿಸಲಾಗದ ಅವಮಾನವಾಯಿತು.

"ಯಾವನೋ ಅವ್ನು ಉಗ್ರಾಣ ಇಟ್ಕೊಂಡಿರೋನು! ಬೇಜವಾಬ್ದಾರಿ ನನ್ಮಗ! ಕೈಗೆ ಸಿಗ್ಲಿ, ಬೆನ್ನ ಮೇಲೆ ಬಾಸುಂಡೆ ಬರ್ಸ್ತೀನಿ!"

ಒಳಗೆ ಹೂ ಕಟ್ಟುತ್ತಿದ್ದ ತಾಯಿ ಹನುಮಂತಮ್ಮ ಬಾಗಿಲಿಗೆ ಬಂದರು. "ಏನಪ್ಪಾ ಹೊನ್ನೇಶ, ಹಬ್ಬದ ದಿವ್ಸ ಯಾರ್ನ ಹಂಗೆ ಬೈತಿದ್ದೀಯ?"

"ಉಗ್ರಾಣದೋನ್ನ ಕಣಮ್ಮ. ಬಾಗ್ಲೇ ತೆಗೀತಾ ಇಲ್ಲ."

"ಬೀಗ ಹಾಕ್ಕಂಡು ಎತ್ಲಾಗೋ ಹೋಗಿರ್ಬೇಕು. ಬೀಗದ ಕೈ ಯಾರ ತಾವ ಐತೆ ವಿಚಾರ್ಸು."

"ಅಯ್ಯೋ ಅಮ್ಮಾ, ಅದು ನೀನು ಅಂದ್ಕೊಂಡಂಗಲ್ಲ. ಟೆಕ್ನಿಕಲ್ ವಿಷ್ಯ ಅದು. ನೀನು ಹೂ ಕಟ್ಟೋಗು."

ಮೊಬೈಲಿನಲ್ಲಿ ಹುಡುಕಿದಾಗ ಯಾರೋ ಪರದೇಶದ ಪಂಡಿತ ಉತ್ತರ ಕೊಟ್ಟಿದ್ದ: ಮೊದಲು ಆ ಕಡೆಯ ಸರ್ವರ್, ಅಂದರೆ ಉಗ್ರಾಣವಿರುವ ಕಂಪ್ಯೂಟರು, ಚಾಲೂ ಇದೆಯೇ ನೋಡಿ. "ನಂಗೇ ಬುದ್ಧಿ ಹೇಳೋಕ್ ಬಂದ್ಬಿಟ್ಟ!" ಎಂದು ಮೇಷ್ಟ್ರು ಅವನನ್ನೂ ಬೈದು, ಇನ್ನೊಬ್ಬ ಪಂಡಿತನ ಮಾತಿನಂತೆ ಬೇರೊಂದು ಉಗ್ರಾಣದ ವಿಳಾಸ ತಂದು ಸೇರಿಸಿದರು. ಅದು ಬಾಗಿಲು ತೆಗೆಯಿತು. ಆದರೆ ಅಲ್ಲಿದ್ದ ಸಾಮಾನು ಈ ಅಡಿಗೆಮನೆಗೆ ಹೊಂದುವುದಿಲ್ಲವೆಂದು ಪರದೆಯ ತುಂಬ ತಕರಾರು ಬರೆದು, ಹೋಗುವಾಗ ಪ್ರಿಂಟರನ್ನೂ ಕೆಡಿಸಿ ಹೋಯಿತು. ಹನ್ನೊಂದೂವರೆಯಾಗಿತ್ತು.

"ರೀ, ಮೊಬೈಲಲ್ಲೇ ಫೋಟೋ ತೆಗ್ದು ಹಾಕ್ಬಿಡ್ಲಾ?" ಎಂದಳು ತ್ರಿವೇಣಿ.

"ಫೋಟೋ ಹಾಕಿದ್ರೆ ಅರ್ಜಿ ಕಸದ ಬುಟ್ಟಿಗೆ ಹಾಕ್ತಾರೆ. ಸ್ಕ್ಯಾನ್ ಅಂದ್ರೆ ಸ್ಕ್ಯಾನೇ."

"ಹಂಗಾದ್ರೆ ಬಸ್‌ಸ್ಟ್ಯಾಂಡ್ ಹತ್ರ ಸೈಬರ್ ಅಂಗಡಿ ತೆಗ್ದಿದಾನೇನೋ ನೋಡ್ಕೊಂಡು..."

"ಏನಂದೆ? ಮೂರು ತಾಲ್ಲೂಕಿಗೆ ಲಿನಕ್ಸ್ ಕಲಿಸಿದ ಹೊನ್ನೇಶ್ ಮೇಷ್ಟ್ರ ಹೆಂಡ್ತಿ, ಸೈಬರ್ ಅಂಗಡೀಲಿ ಕ್ಯೂ ನಿಂತ್ಕಳೋದಾ? ನನ್ನ ಮಾನ ಏನಾಗ್ಬೇಕೇ?"

ಆಗ ತ್ರಿವೇಣಿಗೆ ಬಂದ ಕೋಪ ಒಂದು ದಿನದ್ದಲ್ಲ. ಸರ್ಟಿಫಿಕೇಟನ್ನು ಗಂಡನ ಮೂಗಿನ ಮುಂದೆ ಹಿಡಿದಳು. "ನಿಮ್ಮ ಮಾನ ಹಾಳಾಗ್ಲಿ ಕಣ್ರೀ! ಹತ್ತೊಂಬತ್ತು ವರ್ಷ ಇದನ್ನ ಟ್ರಂಕಲ್ಲಿಟ್ಟು ನಿಮ್ಮನೆ ಗಂಜಿ ಬಸಿದಿದ್ದೀನಿ. ನಿಮ್ಮಪ್ಪಂಗೆ ಹುಷಾರಿಲ್ದಾಗ ಸುಮ್ನಿದ್ದೆ, ನಿಮ್ಮಮ್ಮನ ಕಣ್ಣಿಗೆ ಸುಮ್ನಿದ್ದೆ. ಇದೊಂದು ತಪ್ಪಿದ್ರೆ ಇನ್ನು ನಾನು ಅರ್ಜಿ ಹಾಕೋ ಹಾಗೇ ಇಲ್ಲ. ಅವತ್ತು ಜೇಬಿನಲ್ಲಿಟ್ಕೊಂಡು ಒಗೆಸಿದ್ರಿ, ಇವತ್ತು ಕಂಪ್ಯೂಟರಲ್ಲಿಟ್ಕೊಂಡು ಒಗೆಸ್ತಾ ಇದ್ದೀರಿ!"

ಅವಳು ದಡದಡ ಒಳಗೆ ಹೋದಳು. ಮೇಷ್ಟ್ರಿಗೆ ಎದೆ ಚುರ್ರೆಂದಿತು. ಚುರ್ರೆಂದಾಗ ತಪ್ಪಾಯಿತೆನ್ನುವ ಅಭ್ಯಾಸ ಅವರಿಗಿಲ್ಲ, ಬೇರೆ ಯಾರ ಮೇಲಾದರೂ ಹರಿಹಾಯುವ ಅಭ್ಯಾಸವಿತ್ತು. ಕಡೂರು, ತರೀಕೆರೆ, ಅಜ್ಜಂಪುರದ ಲಿನಕ್ಸ್ ಶಿಕ್ಷಕರದೊಂದು ವಾಟ್ಸಾಪ್ ಬಳಗವಿತ್ತು. ಅದರಲ್ಲಿ ಅವರು ಪರದೆಯ ಮೇಲಿದ್ದ ನಂಬರನ್ನು ಹಾಕಿ, ಕೆಳಗೆ ಬರೆದರು:

"ಮಾನ್ಯರೇ, ಈ ವಿಳಾಸದಲ್ಲಿ ರೆಪಾಸಿಟರಿ ಇಟ್ಟುಕೊಂಡಿರುವ ಮಹಾನುಭಾವ ಯಾರೇ ಆಗಿರಲಿ, ಅವನೊಬ್ಬ ಅಪ್ರಯೋಜಕ, ಸೋಮಾರಿ, ಸಮಾಜಕಂಟಕ. ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುವ ದನಗಳಾದರೂ ಹೊತ್ತು ಮುಳುಗಿದರೆ ದೊಡ್ಡಿಗೆ ಬರುತ್ತವೆ, ಇವನಿಗೆ ಅಷ್ಟೂ ಜವಾಬ್ದಾರಿಯಿಲ್ಲ. ಇವನಿಂದ ಇಂದು ಒಬ್ಬ ಹೆಣ್ಣುಮಗಳ ಬಾಳು ಹಾಳಾಗುತ್ತಿದೆ. ಇವನನ್ನು ಪತ್ತೆಹಚ್ಚಿ ಮೂರೂ ತಾಲ್ಲೂಕಿನ ಶಿಕ್ಷಕರ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸತಕ್ಕದ್ದು."

ರಜೆಯಲ್ಲಿದ್ದ ಶಿಕ್ಷಕ ಸಮೂಹಕ್ಕೆ ಅಷ್ಟು ಸಾಕಾಯಿತು. ಅಜ್ಜಂಪುರದ ಚೌಡಪ್ಪ ಮೇಷ್ಟ್ರು, "ನಮ್ಮ ಮನೆಯಲ್ಲೂ ಬೆಳಗಿನಿಂದ ಇದೇ ಗೋಳು ಸಾರ್, ಅವನ ಇನ್‌ಕ್ರಿಮೆಂಟ್ ಕತ್ತರಿಸಬೇಕು" ಎಂದರು. ಕಡೂರಿನಿಂದ ಒಬ್ಬರು, "ಇಂಥವನಿಗೆ ತರಬೇತಿ ಕೊಟ್ಟವರು ಯಾರು?" ಎಂದು ಕೇಳಿದರು. ಪ್ರತಿಯೊಂದಕ್ಕೂ ಮೇಷ್ಟ್ರು ಹೆಬ್ಬೆರಳೆತ್ತಿದರು. ಚೌಡಪ್ಪನವರದಕ್ಕೆ ಚಪ್ಪಾಳೆಯನ್ನೂ ಹಾಕಿದರು. ಮಧ್ಯಾಹ್ನ ಊಟಕ್ಕೆ ಹೋಳಿಗೆಯ ಬದಲು ನಿನ್ನೆಯ ಸಾರು ಬಂದರೂ ಅದನ್ನೇ ತಿಂದು, ಮತ್ತೆ ಬಂದು ಬೈಗುಳ ಮುಂದುವರಿಸಿದರು. ತ್ರಿವೇಣಿ ಆಮೇಲೆ ಅರ್ಜಿಯ ಸುದ್ದಿಯನ್ನೇ ಎತ್ತಲಿಲ್ಲ. ತಮ್ಮ ಹೋರಾಟ ಕಂಡು ಅವಳ ಮನಸ್ಸು ಕರಗಿದೆ ಎಂದು ಮೇಷ್ಟ್ರು ತಿಳಿದರು.

ಎರಡು ಗಂಟೆಗೆ ಬಳಗದ ಮುಖ್ಯಸ್ಥೆ, ಕಡೂರಿನ ಕಂಪ್ಯೂಟರ್ ಶಿಕ್ಷಕಿ ಪ್ರತಿಮಾ ಬರೆದರು: "ಹೊನ್ನೇಶ್ ಸಾರ್, ಅದು ನಿಮ್ಮ ಶಾಲೆಯ ನಂಬರು. ನಮಗೆಲ್ಲ ನಿಮ್ಮ ಲ್ಯಾಬಿನಿಂದಲೇ ಬರುವುದು. ಸರ್ವರ್ ಆಫ್ ಆಗಿದೆಯೇನೋ ಸ್ವಲ್ಪ ನೋಡುತ್ತೀರಾ?" ಕೆಳಗೆ ಕೈಮುಗಿದ ಚಿತ್ರವಿತ್ತು.

ನಿಜ. ನಾಲ್ಕು ವರ್ಷದ ಹಿಂದೆ, ಶಾಲೆಗಳಿಗೂ ಶಿಕ್ಷಕರ ಮನೆಗಳಿಗೂ ದೂರದಿಂದ ಎಳೆದುಕೊಳ್ಳುವ ತಾಪತ್ರಯ ಬೇಡವೆಂದು ಮೇಷ್ಟ್ರ ಶಾಲೆಯ ಲ್ಯಾಬಿನಲ್ಲೇ ಒಂದು ಉಗ್ರಾಣ ಮಾಡಿದ್ದರು. ಮಾಡಿದವರು ಪ್ರತಿಮಾ. ಮೇಷ್ಟ್ರು ಟಾರ್ಚು ಹಿಡಿದಿದ್ದರು, ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡಿದ್ದರು, ನಂಬರನ್ನು ಮಾತ್ರ ನೋಡಿರಲಿಲ್ಲ. ಈಗ ಬರೆದದ್ದನ್ನು ಅಳಿಸಲು ಹೋದರೆ ನಲವತ್ತೊಂದು ಜನ ಓದಿಯಾಗಿತ್ತು. ಚೌಡಪ್ಪ ಮೇಷ್ಟ್ರು ಅದರ ಫೋಟೋ ಹಿಡಿದು ಮತ್ತೆ ಬಳಗಕ್ಕೇ ಹಾಕಿದರು.

"ಸ್ಕೂಲಿಗೆ ಹೋಗ್ಬತ್ತೀನಿ!" ಎಂದು ಕೂಗಿ, ಸ್ಕೂಟರಿಗೆ ಕಟ್ಟಿದ್ದ ಬಾಳೆಕಂದನ್ನೂ ಬಿಚ್ಚದೆ ಮೇಷ್ಟ್ರು ಎಂಟು ಕಿಲೋಮೀಟರು ಹಾರಿದರು. ದಾರಿಯುದ್ದಕ್ಕೂ ಶಾಲೆಯ ಜವಾನ ಸಿದ್ದಪ್ಪನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡರು. ಕೋಪಕ್ಕೆ ಒಬ್ಬ ವಾರಸುದಾರ ಬೇಕಲ್ಲ.

"ಸಿದ್ದಪ್ಪಾ! ಸರ್ವರ್ ಯಾಕಯ್ಯಾ ಆಫ್ ಮಾಡ್ದೆ?"

ಸಿದ್ದಪ್ಪ ನಿಧಾನವಾಗಿ ಲ್ಯಾಬಿನ ಬೀಗ ತೆಗೆದ. "ನಾನ್ಯಾಕ್ ಮುಟ್ಟಾನ ಸಾ? ನಿನ್ನೆ ಆಯುಧ ಪೂಜೇಲಿ ನೀವೇ ಅಲ್ವಾ ಸ್ವಿಚ್ ತೆಗ್ದಿದ್ದು? 'ಪೂಜೆಗಿಟ್ಟ ಮೇಲೆ ಬನ್ನಿ ಮುಗಿಯೋಗಂಟ ಯಾರೂ ಕೆಲ್ಸ ತಗೀಬಾರ್ದು, ವರ್ಷವೆಲ್ಲ ದುಡಿದೈತೆ, ಒಂದಿನ ಮಲಿಕ್ಕಳ್ಳಿ' ಅಂದ್ರಿ. ಭಾಷಣ ಚೆನ್ನಾಗಿತ್ತು ಅಂತ ಹೆಡ್ಮಾಸ್ಟ್ರೂ ಅಂದ್ರು."

ಮೂರು ಗೆರೆ ವಿಭೂತಿ, ಸೇವಂತಿಗೆ ಹಾರ, ತಲೆಯ ಮೇಲೊಂದು ನಿಂಬೆಹಣ್ಣು. ಮೂರು ತಾಲ್ಲೂಕಿನ ಉಗ್ರಾಣ ಹಾಯಾಗಿ ಮಲಗಿತ್ತು. ಸ್ವಿಚ್ಚಿಗೆ ಕೈಹಾಕಿದ ಮೇಷ್ಟ್ರನ್ನು ಸಿದ್ದಪ್ಪ ಅಡ್ಡಗಟ್ಟಿದ. "ಬನ್ನಿ ಸಂಜೆಗಲ್ವಾ ಸಾ? ನಾನು ಮಕ್ಕಳೊಂದಿಗ, ಕೆಟ್ಟದಾಗಬಾರ್ದು."

"ನನ್ನ ಸಂಸಾರ ಕೆಟ್ಟೋಗ್ತಾ ಐತೆ ಕಣಯ್ಯಾ!"

ಕೊನೆಗೆ ರಾಜಿಯಾಯಿತು. ಸಿದ್ದಪ್ಪ ಹೋಗಿ ಕೆರೆ ಏರಿಯ ಮರದಿಂದ ಬನ್ನಿ ಸೊಪ್ಪು ತರುವುದಕ್ಕೆ ಅರ್ಧ ಗಂಟೆ, ಕರ್ಪೂರ ಹುಡುಕುವುದಕ್ಕೆ ಹತ್ತು ನಿಮಿಷ. ಉಗ್ರಾಣಕ್ಕೆ ಬನ್ನಿ ಮುಡಿಸಿ, ಮಂಗಳಾರತಿ ಎತ್ತಿ, ಸ್ವಿಚ್ ಒತ್ತಿದಾಗ ಒಳಗಿನ ಫ್ಯಾನು ಗಿರ್ರನೆ ತಿರುಗಿ ನಿನ್ನೆಯ ವಿಭೂತಿಯನ್ನೆಲ್ಲ ಮೇಷ್ಟ್ರ ಮುಖಕ್ಕೆ ಉಗಿಯಿತು.

ನಾಲ್ಕೂಕಾಲಿಗೆ ಮನೆ ಸೇರಿ, ಚಪ್ಪಲಿ ಬಿಡದೆ ಕಂಪ್ಯೂಟರಿಗೆ ಆಜ್ಞೆ ಕೊಟ್ಟರು. ಎರಡೇ ನಿಮಿಷಕ್ಕೆ ಸ್ಕ್ಯಾನರಿಗೆ ಜೀವ ಬಂದು ದೀಪ ಹತ್ತಿತು.

"ತ್ರಿವೇಣೀ! ತಗೊಂಡ್ ಬಾರೇ ಸರ್ಟಿಫಿಕೇಟ್ನ! ಇನ್ನೂ ಮುಕ್ಕಾಲ್ ಗಂಟೆ ಐತೆ!"

ಅತ್ತೆ ಸೊಸೆ ಇಬ್ಬರೂ ಹಜಾರದಲ್ಲಿ ಕೂತು ಬಿಸಿಬಿಸಿ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದರು. ತ್ರಿವೇಣಿ ಗಂಡನ ಬೂದಿ ಮುಖವನ್ನು ಒಮ್ಮೆ ನೋಡಿದಳು.

"ಅರ್ಜಿ ಹನ್ನೆರಡೂವರೆಗೇ ಹೋಯ್ತು. ಟ್ರಸ್ಟಿನೋರಿಗೆ ಫೋನ್ ಮಾಡ್ದೆ. ಮೊಬೈಲ್ ಫೋಟೋನೇ ಸಾಕು, ಅಕ್ಷರ ಕಂಡ್ರಾಯ್ತು ಅಂದ್ರು. ಅತ್ತೆ ಸರ್ಟಿಫಿಕೇಟು ಹಿಡ್ಕೊಂಡ್ರು, ನಾನು ಕ್ಲಿಕ್ ಮಾಡ್ದೆ."

"ಮತ್ತೆ ನಂಗ್ಯಾಕೇ ಹೇಳ್ಲಿಲ್ಲ?"

"ನೀವು ಆ ರೆಪಾಸಿಟರಿಯೋನ್ನ ಬೈತಾ ಇದ್ರಿ. ನ್ಯಾಯವಾಗೇ ಬೈತಿದ್ರಿ, ನಿಲ್ಸೋಕೆ ಮನಸ್ಸು ಬರ್ಲಿಲ್ಲ."

ಮೇಷ್ಟ್ರು ಮುಖದ ಬೂದಿ ಒರೆಸಿಕೊಂಡು ಅವಳ ಮೊಬೈಲಿನಲ್ಲಿದ್ದ ಸ್ವೀಕೃತಿ ಪತ್ರ ನೋಡಿದರು. ಅಭ್ಯರ್ಥಿಯು ಬಯಸುವ ಸ್ಥಳ: ದೇವನೂರು.

"ದೇವನೂರಾ? ಇಲ್ಲಿಂದ ಕಡೂರಿಗೊಂದು ಬಸ್ಸು, ಅಲ್ಲಿಂದ ಇನ್ನೊಂದು! ಹತ್ತಿರದಲ್ಲಿ ಅಮೃತಾಪುರ ಇರ್ಲಿಲ್ವೇನೇ ಪಟ್ಟೀಲಿ?"

"ಇತ್ತು. ಮೊದ್ಲು ಅದನ್ನೇ ಒತ್ತಿದ್ದೆ. ಕೆಳಗಡೆ ಒಂದು ಸಾಲು ಬಂತು: 'ಈ ಗ್ರಂಥಾಲಯದ ಕಂಪ್ಯೂಟರ್ ಉಸ್ತುವಾರಿ, ಶ್ರೀ ಹೊನ್ನೇಶ್, ಸಹಶಿಕ್ಷಕರು' ಅಂತ." ತ್ರಿವೇಣಿ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡಳು. "ಎರಡು ಬಸ್ಸಾದ್ರೂ ಹತ್ತಬೋದು ಅನ್ನಿಸ್ತು."